ಎತ್ತಿ ಹಾಕುವ ಬಾಗಿಲು

ನನಗೊಂದು ಚಾಳಿಯಿದೆ. ಯಾವ ಬಾಗಿಲನ್ನು ಮುಚ್ಚುವಾಗಲೂ ಅದನ್ನು ಒಂದು ಬೆರಳಿನಷ್ಟು ಮೇಲಕ್ಕೆತ್ತಿ ಆಮೇಲೆ ದೂಡುತ್ತೇನೆ. ಕುಮಟೆಯ ನಮ್ಮ ಮನೆಯ ಬಾಗಿಲುಗಳಿಗೆ ಇದರ ಅಗತ್ಯ ಏನೇನೂ ಇಲ್ಲ. ಅವು ಕಾರ್ಖಾನೆಯಿಂದ ಬಂದ ಸಾಧು ಬಾಗಿಲುಗಳು, ಕಿರುಬೆರಳಲ್ಲಿ ಮುಟ್ಟಿದರೂ ಮುಚ್ಚಿಕೊಳ್ಳುತ್ತವೆ. ಆದರೂ ಕೈ ಕೇಳಬೇಕಲ್ಲ. ಒಮ್ಮೆ ಬ್ಯಾಂಕಿನ ಗಾಜಿನ ಬಾಗಿಲನ್ನು ಎತ್ತಲು ಹೋದಾಗ ಕಾವಲಿಗೆ ಕೂತಿದ್ದವನು ಎದ್ದು ಬಂದು, "ಎಂತ ಮೇಡಂ, ಕಳಚ್ಕಂಡು ಹೋಗುಕೆ ನೋಡ್ತ್ರಾ?" ಎಂದು ಕೇಳಿದ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನನ್ನ ಕೈಯಲ್ಲಿ ಪಾಸಾದವನೇ ಅವನು. ಸುಮ್ಮನೆ ತಲೆತಗ್ಗಿಸಿ ಬಂದೆ.

ನಮ್ಮ ಮನೆಯವರಿಗಂತೂ ಇದು ಇಪ್ಪತ್ತೆಂಟು ವರ್ಷದಿಂದ ಸವೆಯದ ತಮಾಷೆ. ನೆಂಟರ ಮನೆಗೆ ಹೋದಾಗ ನಾನು ಬಚ್ಚಲಿಗೆ ಹೊರಟರೆ ಸಾಕು, "ನಿಧಾನ, ಅವ್ರ ಬಾಗ್ಲು ಹೊಸ್ತು" ಎನ್ನುತ್ತಾರೆ. ನೀವೂ ನಗುತ್ತಿದ್ದೀರಿ ಎಂದು ಗೊತ್ತು. ನಗಿ. ಆದರೆ ಈ ಚಾಳಿ ಎಲ್ಲಿಂದ ಬಂತು, ಆ ಬಾಗಿಲು ಈಗ ಎಲ್ಲಿದೆ ಎಂದು ಹೇಳುವ ತನಕ ಎದ್ದು ಹೋಗಬೇಡಿ.

ನನ್ನ ತವರು ಮಂಕಿ. ಹೊನ್ನಾವರ ದಾಟಿ ಭಟ್ಕಳದ ಕಡೆ ಹೋಗುವಾಗ ಸಿಗುತ್ತದೆ. ನಮ್ಮದು ಗದ್ದೆ, ಹತ್ತಾರು ತೆಂಗು, ಎರಡು ಎಮ್ಮೆ ಇದ್ದ ಮನೆ. ಆ ಮನೆಯ ಹೆಬ್ಬಾಗಿಲು ಹಲಸಿನ ಮರದ್ದು. ಅಜ್ಜ ಮಾಡಿಸಿದ್ದಂತೆ. ಮೇಲೆ ಒಂದು ಕಮಲದ ಹೂವು ಕೆತ್ತಿತ್ತು. ಬಡಗಿಗೆ ಕಮಲ ನೋಡಿ ಗೊತ್ತಿತ್ತೋ ಇಲ್ಲವೋ, ಅದು ಹೆಚ್ಚುಕಡಿಮೆ ಎಲೆಕೋಸು ಆಗಿತ್ತು. ಬಾಗಿಲು ಒಂದು ಬದಿಗೆ ಜಗ್ಗಿ ನೆಲಕ್ಕೆ ತಾಗುತ್ತಿತ್ತು. ತೆರೆಯಲಿ, ಮುಚ್ಚಲಿ, ಎತ್ತಲೇಬೇಕು. ನಾನು ಚಿಕ್ಕವಳಿದ್ದಾಗ ಅದನ್ನು ಎತ್ತಿ ಹಾಕಲು ಬಂದ ದಿನ ದೊಡ್ಡವಳಾದೆ ಎಂದು ತಿಳಿದುಕೊಂಡಿದ್ದೆ. ನಮ್ಮಣ್ಣ ಮಂಜಣ್ಣ ನನಗಿಂತ ಎರಡು ವರ್ಷ ದೊಡ್ಡವನಾದರೂ ಅವನಿಗೆ ಅದು ಬಂದದ್ದು ನನ್ನ ನಂತರ. ಇದನ್ನು ಈಗಲೂ ಅವನು ಒಪ್ಪುವುದಿಲ್ಲ.

ಹಾಗಂತ ಆ ಬಾಗಿಲನ್ನು ನಾವು ಮುಚ್ಚುತ್ತಿದ್ದದ್ದೇ ಕಡಿಮೆ. ಬೆಳಿಗ್ಗೆ ತೆರೆದರೆ ಮಲಗುವ ತನಕ ತೆರೆದೇ ಇರುತ್ತಿತ್ತು. ಮೀನಿನವಳು ಬರುತ್ತಿದ್ದಳು, ಬಳೆಯವನು ಬರುತ್ತಿದ್ದ, ಪಕ್ಕದ ಮನೆಯ ಕೋಳಿ ಬರುತ್ತಿತ್ತು. ಬೆಂಕಿಗೆಂದು ಕೆಂಡ ಕೇಳಲು ಬಂದವರು ನೇರ ಒಲೆಯ ಹತ್ತಿರವೇ ಹೋಗಿ, ತಾವೇ ಎತ್ತಿಕೊಂಡು, ಸಾರಿನ ರುಚಿಯನ್ನೂ ನೋಡಿ ಹೋಗುತ್ತಿದ್ದರು. ಮಲಗುವಾಗ ಬಾಗಿಲನ್ನು ಎತ್ತಿ ಹಾಕಿ ಒಂದು ಒನಕೆಯನ್ನು ಅಡ್ಡ ಆನಿಸಿದರೆ ಆಯಿತು. ಇದನ್ನು ಯಾಕೆ ಹೇಳುತ್ತೇನೆ ಎಂಬುದು ಆಮೇಲೆ ಗೊತ್ತಾಗುತ್ತದೆ. ಸದ್ಯಕ್ಕೆ ಒನಕೆಯನ್ನು ನೆನಪಿಟ್ಟುಕೊಂಡಿರಿ.

ಈಗ ಮಾದೇವಿಯ ವಿಷಯ. ಮಾದೇವಿ ನಮ್ಮ ಕೇರಿಯವಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಕೇರಿಯಲ್ಲಿ ನಾಟಿಯಿರಲಿ, ಬಾಣಂತನವಿರಲಿ, ಮದುವೆಯ ಅಡಿಗೆಯಿರಲಿ, ಮೊದಲು ಕೇಳುವ ಮಾತು "ಮಾದೇವಿ ಬಂದ್ಲಾ?" ಗಂಡ ದೋಣಿಗೆ ಹೋಗುತ್ತಿದ್ದವನು, ಕಾಯಿಲೆಯಲ್ಲಿ ತೀರಿಕೊಂಡ. ಬಾಡಿಗೆಗೆ ಇದ್ದ ಮನೆಯನ್ನು ಹೆದ್ದಾರಿ ಅಗಲ ಮಾಡುವಾಗ ಕೆಡವಿದರು. ಮನೆಯ ಯಜಮಾನರಿಗೆ ಪರಿಹಾರ ಬಂತು, ಮಾದೇವಿಗೆ ಬೀದಿ ಬಂತು. ಆಮೇಲೆ ನಮ್ಮ ಕಡೆ ಬಾಡಿಗೆ ಮನೆ ಎಂಬುದೇ ಸಿಗದಂತಾಯಿತು. ರಸ್ತೆ ದೊಡ್ಡದಾದಂತೆ ಇದ್ದಬದ್ದ ಕೋಣೆಯನ್ನೆಲ್ಲ ಹೊರಗಿನಿಂದ ಬಂದ ಕಂಪನಿಯ ಜನ ಹಿಡಿದರು. ಅವರು ಕೊಡುವ ಬಾಡಿಗೆಯನ್ನು ಮಾದೇವಿ ಎಲ್ಲಿಂದ ಕೊಟ್ಟಾಳು? ಅವಳ ಚಿಕ್ಕಮ್ಮ ಸಾಯುವ ಮೊದಲು ಕೇರಿಯ ಕೊನೆಯಲ್ಲಿ ಒಂದು ತುಂಡು ಜಾಗ ಅವಳ ಹೆಸರಿಗೆ ಮಾಡಿಕೊಟ್ಟಿದ್ದಳು. ಜಾಗ ಇತ್ತು, ಮೇಲೆ ಆಕಾಶ ಇತ್ತು, ನಡುವೆ ಏನೂ ಇರಲಿಲ್ಲ. ಸರ್ಕಾರದ ಮನೆ ಬರುತ್ತದೆ, ಬರುತ್ತದೆ ಎಂದು ಪ್ರತಿ ಸಲವೂ ಯಾರೋ ಹೇಳಿ ಹೋಗುತ್ತಿದ್ದರು.

ಕಡೆಗೆ ಅವಳೂ ಮಗಳು ಸುಮಾಳೂ ನಮ್ಮ ತವರಿನ ಕಾಯಿಕೋಣೆಯಲ್ಲಿ ಬಂದು ಉಳಿದರು. ಕಾಯಿಕೋಣೆ ಎಂದರೆ ತೆಂಗಿನಕಾಯಿ ರಾಶಿ ಹಾಕುವ ಕೋಣೆ. ಹಿತ್ತಿಲಲ್ಲಿ ಒಂಟಿಯಾಗಿ ಇದೆ. ಒಣಗಿದ ಸಿಪ್ಪೆಯ ವಾಸನೆ, ಮೇಲೆ ಒಂದು ಗಾಜಿನ ಹಂಚು, ಅಷ್ಟೇ ಬೆಳಕು. ಸುಮಾ ಹೊನ್ನಾವರದ ಒಂದು ಟೈಲರ್ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಾಳೆ, ಬೆಳೆದ ಹುಡುಗಿ. ಅವರಿಬ್ಬರೂ ಅಲ್ಲಿ ಮೂರು ಮಳೆಗಾಲ ಕಳೆದರು. ನಾನು ತವರಿಗೆ ಹೋದಾಗಲೆಲ್ಲ ಕಾಯಿಕೋಣೆಯ ಮುಂದೆ ನಿಂತು ಮಾತಾಡಿಸಿ ಬರುತ್ತಿದ್ದೆ. ಆ ಕೋಣೆಯ ಬಾಗಿಲಿಗೆ ಚಿಲಕ ಇರುವುದು ಹೊರಗಿನಿಂದ ಮಾತ್ರ ಎಂಬುದು ನನಗೆ ಗೊತ್ತಿತ್ತು. ಕಾಯಿಗೆ ಒಳಗಿನಿಂದ ಚಿಲಕ ಯಾಕೆ ಬೇಕು? ಗೊತ್ತಿದ್ದರೂ ಅದರ ಬಗ್ಗೆ ಯೋಚಿಸಿರಲಿಲ್ಲ, ಅಷ್ಟೇ.

ಕಳೆದ ವರ್ಷ ಮಂಜಣ್ಣ ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದ. ಅತ್ತಿಗೆ ಶೋಭಾಳ ಬಹಳ ವರ್ಷದ ಹಟ ಅದು, ತಪ್ಪೇನಿಲ್ಲ. ಹಂಚು ಹೊತ್ತ, ಗೆದ್ದಲು ಹಿಡಿದ ಪಕಾಸಿನ ಕೆಳಗೆ ಮಲಗುವವರು ಅವರು, ಕುಮಟೆಯಲ್ಲಿ ಕೂತು ಹಳೇ ಮನೆ ಹಳೇ ಮನೆ ಎಂದು ಕೊರಗುವುದು ನನಗೆ ಸುಲಭ. ಕೆಡವಿದ ಮೇಲೆ ಹಿತ್ತಿಲಲ್ಲಿ ಹಂಚಿನ ರಾಶಿ ಬಿತ್ತು. ಅದರ ಪಕ್ಕದಲ್ಲಿ ಎಲೆಕೋಸಿನ ಕಮಲವಿದ್ದ ಬಾಗಿಲು ಗೋಡೆಗೆ ಒರಗಿ ನಿಂತಿತು. ಎತ್ತರದ ಆ ಬಾಗಿಲನ್ನು ಆಕಾಶದ ಕೆಳಗೆ ನೋಡಿ, ಹತ್ತಿರ ಹೋಗಿ ಎತ್ತಲು ಕೈ ಹಾಕಿದೆ. ಅದನ್ನು ಕುಮಟೆಗೆ ತಂದು, ಮೇಲೆ ಗಾಜು ಹಾಕಿಸಿ, ಊಟದ ಮೇಜು ಮಾಡಿಸಬೇಕೆಂದು ಅಲ್ಲೇ ತೀರ್ಮಾನಿಸಿದೆ. ಯಾವುದೋ ರೆಸಾರ್ಟಿನಲ್ಲಿ ನೋಡಿದ್ದೆ. ಮನೆಗೆ ಬಂದು ಹೇಳಿದರೆ ನಮ್ಮವರು, "ಹಂಗಾರೆ ದಿನಾ ಊಟ ಆದ್ಮೇಲೆ ಮೇಜನ್ನ ಎತ್ತಿ ಹಾಕ್ತೆ ನೀನು" ಎಂದರು.

ಆ ಬಾಗಿಲಿನ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು. ಭಟ್ಕಳದ ಇಕ್ಬಾಲಣ್ಣ, ಹಳೇ ಮನೆಯ ಮರಮಟ್ಟು, ಹಂಚು, ಕಿಟಕಿ ಕೊಳ್ಳುವ ವ್ಯಾಪಾರಿ. ನಮ್ಮ ಊರಿನಲ್ಲಿ ಎಲ್ಲೇ ಹಾರೆಯ ಸದ್ದು ಕೇಳಲಿ, ಮಧ್ಯಾಹ್ನದೊಳಗೆ ಅವರ ಪಿಕಪ್ ಗಾಡಿ ಹಾಜರು. ಬಾಗಿಲಿನ ಮೇಲೆ ಬೆರಳಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿ, "ಒಳ್ಳೇ ಮಾಲು" ಎಂದರು. ಆಮೇಲೆ ಕಮಲವನ್ನು ನೋಡಿ, "ಇದು ಎಂತ ತರಕಾರಿ?" ಎಂದರು.

ನಮ್ಮಿಬ್ಬರ ನಡುವೆ ಮೂರನೆಯ ಮಾತು ತೆಗೆದವನು ಗಜಾನನ. ಕೇರಿಯಲ್ಲಿ ರಿಕ್ಷಾ ಓಡಿಸುತ್ತಾನೆ, ಪಂಚಾಯ್ತಿಗೆ ನಿಂತು ಸೋತವನು, ಹಾಗಾಗಿ ಊರಿನ ಕೆಲಸಕ್ಕೆಲ್ಲ ಅವನಿಗೆ ಪುರುಸೊತ್ತು ಇರುತ್ತದೆ. ಹಂಚಿನ ರಾಶಿಯ ಮೇಲೆ ಕೂತು ಅವನು ಕೇಳಿದ:

"ಮಂಜಣ್ಣ, ಇದನ್ನ ಎಂತ ಮಾಡ್ತೆ?"

"ಇಕ್ಬಾಲಣ್ಣಂಗೆ ಕೊಡುದು."

"ನಿಮ್ಮನೆ ಹಿಂದೆ ಹಂಚು. ಮೇಲಿನಮನೆ ಹಿಂದೆ ಹಂಚು. ಶಂಕ್ರಣ್ಣನ ಹಿತ್ಲಲ್ಲಿ ಹಂಚು, ಕಿಟಕಿ, ಪಕಾಸು. ಕೇರಿ ತುಂಬ ಒಂದು ಮನೆ ಚೆಲ್ಲಾಪಿಲ್ಲಿ ಬಿದ್ಕಂಡದೆ. ಮಾದೇವಿ ಕಾಯಿ ಒಟ್ಟಿಗೆ ಮಲಗ್ತದೆ."

ಅತ್ತಿಗೆ ಒಳಗಿನಿಂದ ಬಂದು, "ಮಡ್ಲು ಹೊದೆಸ್ದಂಗೆ ಮಾಡಿರೆ ಆತಪ್ಪ" ಎಂದಳು.

ಆ ಮಾತು ಕೇಳಿ ನನಗೆ ಒಮ್ಮೆಲೇ ನಲವತ್ತೈದು ವರ್ಷ ಹಿಂದಕ್ಕೆ ಹೋದಂತಾಯಿತು. ಮಡ್ಲು ಎಂದರೆ ಹೆಣೆದ ತೆಂಗಿನ ಗರಿ. ನಾನು ಸಣ್ಣವಳಿದ್ದಾಗ ಕೇರಿಯ ಅರ್ಧ ಮನೆಗಳ ಮಾಡು, ಅಂದರೆ ಸೂರು, ಅದರದ್ದೇ. ಮಳೆ ಹಿಡಿಯುವ ಮೊದಲು ಪ್ರತಿ ವರ್ಷ ಹೊಸದು ಹೊದೆಸಬೇಕು. ಕೇರಿಯವರೆಲ್ಲ ಸೇರಿ ಇವತ್ತು ಈ ಮನೆ, ನಾಳೆ ಆ ಮನೆ ಎಂದು ಮುಗಿಸುತ್ತಿದ್ದರು. ಸಂಬಳವಿಲ್ಲ. ಬೆಲ್ಲ ಕಲಸಿದ ಅವಲಕ್ಕಿ, ಚಹಾ. ನಾವು ಮಕ್ಕಳು ಗರಿ ನೀರಲ್ಲಿ ನೆನೆಸಿದ ಹೊಂಡದ ಹತ್ತಿರ ನಿಂತು ಎಳೆದೆಳೆದು ಕೊಡುತ್ತಿದ್ದೆವು. ಕೊಳೆತ ಗರಿಯ ಆ ವಾಸನೆ ಕೈಗೆ ಅಂಟಿದರೆ ವಾರ ಹೋಗುತ್ತಿರಲಿಲ್ಲ. ಅದನ್ನೀಗ ಯಾರಾದರೂ ಸೀಸೆಯಲ್ಲಿ ತುಂಬಿ ಮಾರಿದರೆ ನಾನು ಕೊಂಡೇನು. ಮನೆಯಲ್ಲಿ ಗಂಡಸರಿಲ್ಲದವರ ಮಾಡು ಮೊದಲು ಆಗಬೇಕು ಎಂದಿತ್ತು. ಇನ್ನೊಂದು ಕಟ್ಟಳೆಯೂ ಇತ್ತು. ಯಾರ ಮನೆಯೋ ಅವರು ಆ ದಿನ ಮಾಡು ಮುಟ್ಟುವ ಹಾಗಿಲ್ಲ. ಕೆಳಗೆ ಕೂತು ಚಹಾ ಕೊಡಬೇಕು. ಮೇಲಿದ್ದವರು ಏನಾದರೂ ಕೇಳಿದರೆ ಉತ್ತರ ಹೇಳಬೇಕು.

ಹಂಚು ಬಂತು, ಕೇರಿಯವರು ಒಬ್ಬರಿಗೊಬ್ಬರು ಬೇಕಾಗದೆ ಹೋದರು. ಹಂಚನ್ನು ನಾನು ಬೈಯುವುದಿಲ್ಲ. ಸೋರದ ಮನೆಯಲ್ಲಿ ಕೂತು ಪರೀಕ್ಷೆಗೆ ಓದಿದವಳು ನಾನು. ಆದರೆ ಅಮ್ಮ ಹಂಚು ಹಾಕಿದ ಮೊದಲ ವರ್ಷ ಮೇ ತಿಂಗಳಲ್ಲಿ ಅಂಗಳಕ್ಕೆ ಬಂದು ಬಂದು ನೋಡುತ್ತಿದ್ದಳು, ಈ ಸಲ ಯಾರೂ ಬರುವುದಿಲ್ಲವಲ್ಲ ಎಂದು.

ಅಂತೂ ಮಡ್ಲು ಹೊದೆಸಿದ ಹಾಗೆ ಮಾದೇವಿಗೆ ಮನೆ ಕಟ್ಟುವುದೆಂದಾಯಿತು. ಮಳೆ ಹಿಡಿಯುವುದರೊಳಗೆ ಮುಗಿಯಬೇಕು. ಕಾಯಿಕೋಣೆಯ ಗೋಡೆ ಬಿರುಕು ಬಿಟ್ಟಿತ್ತು, ಇನ್ನೊಂದು ಮಳೆ ತಡೆಯುವುದು ಸುಳ್ಳು. ಜಂಬಿಟ್ಟಿಗೆ ಕಲ್ಲು ಒಬ್ಬರು, ಮರಳು ಒಬ್ಬರು, ಹೀಗೆ ಕೊಡುವವರು ಮುಂದೆ ಬಂದರು. ಭಾನುವಾರ ಭಾನುವಾರ ಕೆಲಸ. ನಾನೂ ಕುಮಟೆಯಿಂದ ರೈಲು ಹತ್ತಿ ಹೋಗಿ ಕಲ್ಲು ಹೊತ್ತೆ. ಹೊತ್ತೆ ಎಂದರೆ ಎರಡು ಹೊತ್ತೆ. ಮೂರನೆಯದಕ್ಕೆ ಸೊಂಟ ಹಿಡಿದು, ಆಮೇಲೆ ಬೇರೆಯವರಿಗೆ ಹೇಗೆ ಹೊರಬೇಕೆಂದು ಹೇಳುತ್ತಾ ಕೂತೆ. ಅದು ನನ್ನ ವೃತ್ತಿ.

ಬಾಗಿಲಿನ ಮಾತು ಬಂದಾಗ ಎಲ್ಲರೂ ನನ್ನ ಮುಖ ನೋಡಿದರು. ಊಟದ ಮೇಜಿನ ಸುದ್ದಿ ಅತ್ತಿಗೆ ಆಗಲೇ ಕೇರಿಗೆಲ್ಲ ಹಂಚಿದ್ದಳು. "ಬಾಗ್ಲು ಅಂದ್ರೆ ಮನೆಗೇ ಚೆಂದ" ಎಂದೆ. ಹೇಳುವಾಗ ಮೇಜು ಹೋಯಿತಲ್ಲ ಎಂದು ಬೇಸರವಾಯಿತು, ಇಲ್ಲವೆನ್ನುವುದಿಲ್ಲ. ಇಕ್ಬಾಲಣ್ಣ, "ಹೋಯ್ತು ನನ್ನ ಬಾಗಿಲು" ಎಂದು ಗಾಡಿ ಹತ್ತಿ ಹೋದರು.

ಹಳೆಯ ಕಟ್ಟಳೆಯಂತೆ ಮಾದೇವಿಯನ್ನು ಏನನ್ನೂ ಮುಟ್ಟಲು ಬಿಡಲಿಲ್ಲ. ಜನ್ಮವಿಡೀ ಬೇರೆಯವರ ಮನೆಯಲ್ಲಿ ದುಡಿದವಳಿಗೆ ಸುಮ್ಮನೆ ಕೂರುವುದು ಶಿಕ್ಷೆಯಾಯಿತು. ಚಹಾ ಕೊಟ್ಟ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು. ಮೇಲಿದ್ದವರು ಕೇಳಿದರೆ ಉತ್ತರ ಹೇಳಬೇಕು ಎಂಬ ಕಟ್ಟಳೆಯೂ ಇತ್ತಲ್ಲ, ಆದರೆ ಅವಳನ್ನು ಕೇಳುವವರೇ ಇರಲಿಲ್ಲ. ಒಲೆ ಈ ಮೂಲೆಗೆ ಎಂದು ಅತ್ತಿಗೆ, ಆ ಮೂಲೆಗೆ ಎಂದು ಮೇಲಿನಮನೆಯವರು. ಕಿಟಕಿ ಕೊಟ್ಟ ಶಂಕ್ರಣ್ಣ ತನ್ನ ಕಿಟಕಿ ರಸ್ತೆಯ ಕಡೆಗೇ ಬರಬೇಕೆಂದು ಹಟ ಹಿಡಿದ. ಒಮ್ಮೆ ನಾನು ಅವಳ ಹತ್ತಿರ ಕೂತು, "ನಿಂಗೆ ಹೆಂಗಿರ್ಬೇಕು ಮಾದೇವಿ, ಹೇಳು" ಎಂದೆ.

ಅವಳು ಲೋಟ ತೊಳೆಯುತ್ತಲೇ, "ಎಲ್ಲಾ ಚೆಂದಾಗೇ ಮಾಡ್ತಾ ಇದ್ರಿ. ಒಳಗಿಂದ ಹಾಕುಕೆ ಒಂದು ಚಿಲಕ ಇದ್ರೆ ಆತು" ಎಂದಳು.

ನಾನು ನಕ್ಕುಬಿಟ್ಟೆ. ಚಿಲಕವಿಲ್ಲದ ಬಾಗಿಲು ಎಲ್ಲಾದರೂ ಇರುತ್ತದೆಯೇ ಎಂದೆ. ಅವಳೂ ನಕ್ಕಳು.

ಗೋಡೆ ಎದ್ದಿತು, ಪಕಾಸು ಕೂತಿತು. ಆಮೇಲೆ ಹಂಚು. ಆ ಭಾನುವಾರ ಮೋಡ ಕಟ್ಟಿತ್ತು. ಮೇಲೆ ಹತ್ತಿದವರು ಒಂದು ಸಾಲು ಹೊದೆಸಿ ನಿಂತರು. ಎರಡನೆಯ ಸಾಲು ಮೊದಲನೆಯದರ ಮೇಲೆ ಕೂರುತ್ತಿಲ್ಲ. ಮೂರು ಹಿತ್ತಿಲಿನ ಹಂಚುಗಳು ಮೂರು ಬೇರೆ ಬೇರೆ ಅಚ್ಚಿನವು. ನಮ್ಮ ಹಂಚಿನ ಹಲ್ಲು ಮೇಲಿನಮನೆಯ ಹಂಚಿನ ಕಚ್ಚಿಗೆ ಸೇರುವುದಿಲ್ಲ. ಇದು ಯಾರಿಗೂ ಹೊಳೆಯದೆ ಹೋದದ್ದು ಹೇಗೆ ಎಂದು ನೀವು ಕೇಳಬಹುದು. ಹಂಚು ಕೊಟ್ಟೆವೆಂಬ ಹೆಮ್ಮೆಯಲ್ಲಿ ನಮ್ಮ ಹಂಚು ಎಲ್ಲರ ಹಂಚಿನಂತೆಯೇ ಎಂದು ತಿಳಿದಿದ್ದೆವು. ಈಗ ಮಾಡಿನ ಮೇಲೇ ಜಗಳ ಶುರುವಾಯಿತು. ನಿಮ್ಮದು ಸೊಟ್ಟ, ನಿಮ್ಮದು ಸೊಟ್ಟ. ಮಂಜಣ್ಣ ತನ್ನ ಹಂಚನ್ನು ಎತ್ತಿಕೊಂಡು ಕೆಳಗಿಳಿಯುವುದೊಂದು ಬಾಕಿ. ಮಾದೇವಿ ಲೋಟ ತೊಳೆಯುವುದನ್ನು ನಿಲ್ಲಿಸಿ ಆಕಾಶ ನೋಡುತ್ತಾ ನಿಂತಿದ್ದಳು. ಸುಮಾ ಅಮ್ಮನ ಕೈ ಹಿಡಿದು, "ಹೋಪ ಬಾ, ಕಾಯಿಕೋಣೆಗೇ ಹೋಪ" ಎಂದಳು. ಆ ಮಾತು ಮೇಲಿದ್ದವರಿಗೂ ಕೇಳಿಸಿತು.

ಗಜಾನನ ಭಟ್ಕಳಕ್ಕೆ ಫೋನ್ ಮಾಡಿದ. ಇಕ್ಬಾಲಣ್ಣ ಬಂದು ಕೆಳಗಿನಿಂದಲೇ ನೋಡಿದರು. "ಮಂಕಿಯವರು ದಾನ ಕೊಡುವಾಗಲೂ ಜಗಳ ಮಾಡ್ತೀರಲ್ಲ" ಎಂದರು. ಅವರ ಅಂಗಳದಲ್ಲಿ ಹಂಚುಗಳನ್ನು ಅಚ್ಚಿನ ಪ್ರಕಾರ ಬೇರೆ ಬೇರೆ ಒಟ್ಟಿರುತ್ತಾರೆ, ಮಾರುವವರಲ್ಲವೇ. ಹೊಂದದ ಹಂಚೆಲ್ಲ ಅವರ ಗಾಡಿಗೆ ಹೋಯಿತು, ನಮ್ಮ ಅಚ್ಚಿನದ್ದು ಅವರ ಗಾಡಿಯಲ್ಲಿ ಬಂತು. ಲೆಕ್ಕ ಸರಿಹೋಯಿತೇ ಎಂದು ಗಣಿತದ ಟೀಚರಾದ ನಾನೇ ಕೇಳಿದೆ. "ಟೀಚರ್, ಮಳೆ ನೋಡಿ, ಲೆಕ್ಕ ಆಮೇಲೆ" ಎಂದರು. ಆಮೇಲೆ ಅವರೂ ಕೇಳಲಿಲ್ಲ. ಮೊದಲ ಹನಿ ಬೀಳುವಾಗ ಮಾಡಿನ ನೆತ್ತಿಯ ಕೋಳಿನ ಹಂಚೂ ಕೂತಿತ್ತು.

ಮುಂದಿನ ವಾರ ಮನೆಯೊಕ್ಕಲು, ಗೃಹಪ್ರವೇಶ. ಕೇರಿಯೆಲ್ಲ ಸೇರಿತ್ತು. ಎಲ್ಲರೂ ತಮ್ಮ ತಮ್ಮ ವಸ್ತು ನೋಡುತ್ತಾ ಓಡಾಡುತ್ತಿದ್ದರು. ಶಂಕ್ರಣ್ಣ ಕಿಟಕಿಯನ್ನು ತೆರೆದು, ಮುಚ್ಚಿ, ಮತ್ತೆ ತೆರೆದು ತೋರಿಸುತ್ತಿದ್ದ. ಹೊಸ ಗೋಡೆಯಲ್ಲೂ ಹಳೆಯ ಹಾಗೆಯೇ ಜಗ್ಗಿ ನೆಲಕ್ಕೆ ತಾಗುತ್ತಿದ್ದ ನಮ್ಮ ಬಾಗಿಲನ್ನು ನಾನೂ ಸವರಿ, ಬಂದವರಿಗೆಲ್ಲ ಅಜ್ಜನ ಕಥೆ ಹೇಳಿದೆ. ಮನೆಯ ಒಳಗೆ ಅಷ್ಟು ಜನ ಇದ್ದರೂ ಮಾದೇವಿ ಎಲ್ಲಿದ್ದಾಳೆಂದು ಯಾರಿಗೂ ನೆನಪಿರಲಿಲ್ಲ. ಹುಡುಕಿದರೆ ಬಾಗಿಲಿನ ಹಿಂದೆಯೇ ನಿಂತಿದ್ದಳು. ಹೊಸ ಸೀರೆ ಉಟ್ಟು, ಬಾಗಿಲಿನ ಒಳಬದಿಯನ್ನು ಕೈಯಿಂದ ಮೇಲಿನಿಂದ ಕೆಳಗೆ ಸವರುತ್ತಿದ್ದಳು. ಮತ್ತೆ ಕೆಳಗಿನಿಂದ ಮೇಲೆ. ನನ್ನನ್ನು ನೋಡಿ ಕೈ ತೆಗೆದಳು.

ಆಗ ನನಗೆ ಒನಕೆ ನೆನಪಾಯಿತು. ಆ ಬಾಗಿಲಿಗೆ ಚಿಲಕವೇ ಇರಲಿಲ್ಲ. ಯಾವತ್ತೂ ಇರಲಿಲ್ಲ. ನಮ್ಮ ಅಜ್ಜ ಕಮಲ ಕೆತ್ತಿಸಿದರು, ಚಿಲಕ ಹಾಕಿಸಲಿಲ್ಲ. ನಮಗೆ ಬೇಕಾಗಿರಲಿಲ್ಲ. ನಾಲ್ಕು ಜನ ಗಂಡಸರು ಜಗಲಿಯಲ್ಲಿ ಮಲಗುವ ಮನೆಗೆ ಚಿಲಕ ಯಾಕೆ? ಇಷ್ಟು ಜನ ಸೇರಿ ಇಷ್ಟು ಭಾನುವಾರ ಕಟ್ಟಿದೆವು. ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು, ಅದೊಂದನ್ನು ಬಿಟ್ಟು ಎಲ್ಲವನ್ನೂ ಕೊಟ್ಟೆವು. ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ. ಮಂಜಣ್ಣನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ, "ಚಿಲಕ ಇಲ್ಲ ಮಾರಾಯ, ಬಾಗ್ಲಿಗೆ ಚಿಲಕ ಇಲ್ಲ" ಎಂದೆ.

"ಒನಕೆ ಇದ್ರೆ ಆತು" ಎಂದ.

"ಒನಕೆ ನಮ್ಗೆ ಆತು. ಅಮ್ಮ ಮಗಳು ಇಬ್ರೇ ಇರ್ತಾರೆ. ಮೂರು ವರ್ಷ ಹೊರಗಿಂದ ಚಿಲಕ ಇದ್ದ ಕೋಣೇಲಿ ಮಲಗಿದ್ದಾಳೆ ಅವಳು, ನಮ್ಮನೇಲಿ."

ಆ ದಿನ ಮಂಕಿಯಲ್ಲಿ ಅಂಗಡಿ ಬಾಗಿಲು ಹಾಕಿತ್ತು, ಹೊನ್ನಾವರಕ್ಕೆ ಹೋಗಿ ಬರುವಷ್ಟರಲ್ಲಿ ಮುಹೂರ್ತ ಮೀರುತ್ತಿತ್ತು. ಮಂಜಣ್ಣ ತನ್ನ ಮನೆಯ ಕಡೆ ನಡೆದ. ತಿರುಗಿ ಬರುವಾಗ ಕೈಯಲ್ಲಿ ಫಳಫಳ ಹೊಳೆಯುವ ಸ್ಟೀಲಿನ ಚಿಲಕ. ತನ್ನ ಹೊಸ ತಾರಸಿ ಮನೆಯ ಮುಂಬಾಗಿಲಿನದ್ದನ್ನೇ ಬಿಚ್ಚಿಕೊಂಡು ಬಂದಿದ್ದ. ಹಿಂದೆ ಅತ್ತಿಗೆ, ಕೈಯಲ್ಲಿ ಸ್ಕ್ರೂಗಳು. ನಾನು ಅವಳ ಮುಖ ನೋಡಿದೆ.

"ನಮ್ಗೆ ಎಂತಕೆ? ನಾವು ಹಾಕುದೇ ಇಲ್ಲ" ಎಂದಳು.

ಗಜಾನನ ಕೂತು ಚಿಲಕ ಬಿಗಿದ. ನೂರು ವರ್ಷದ ಹಲಸಿನ ಬಾಗಿಲಿಗೆ ಆ ಸ್ಟೀಲು ಒಂದಿಷ್ಟೂ ಹೊಂದುತ್ತಿರಲಿಲ್ಲ. ಪೂಜೆ ಆಯಿತು, ಹಾಲು ಉಕ್ಕಿತು. ಪಾಯಸ ಬಡಿಸಲು ಎಲ್ಲರನ್ನೂ ಹೊರಗೆ ಚಪ್ಪರಕ್ಕೆ ಕರೆದರು. ಕಡೆಯವಳಾಗಿ ನಾನೂ ಹೊರಬಿದ್ದೆ, ಒಳಗೆ ಉಳಿದದ್ದು ಅಮ್ಮ ಮಗಳು ಇಬ್ಬರೇ. ನನ್ನ ಬೆನ್ನ ಹಿಂದೆ ಬಾಗಿಲು ಮುಚ್ಚಿತು. ಆಮೇಲೆ ಚಿಲಕ ಬಿದ್ದ ಸದ್ದು.

ಚಪ್ಪರದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಶಂಕ್ರಣ್ಣನ ಕಿಟಕಿಯೂ ಒಳಗಿನಿಂದ ಮುಚ್ಚಿಕೊಂಡಿತು. ಕಲ್ಲು ಕೊಟ್ಟವರು, ಹಂಚು ಕೊಟ್ಟವರು, ಎಲ್ಲರೂ ಹೊರಗೆ. ಪಾಯಸದ ಪಾತ್ರೆ ಮಾತ್ರ ಒಳಗೆ. ಯಾರೋ, "ಎಂತ ಆತು ಇವ್ರಿಗೆ?" ಎಂದರು. ಇಕ್ಬಾಲಣ್ಣ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಎಂತ ಆಗುವುದು? ಮನೆ ಆಯ್ತು" ಎಂದರು.

ಕಡೆಗೆ ಅತ್ತಿಗೆ ನನ್ನನ್ನು ದೂಡಿದಳು, "ನಿಮ್ಮ ಬಾಗ್ಲು, ನೀವೇ ಹೋಗಿ" ಎಂದು. ಹೋಗಿ ಕಮಲದ ಎದುರು ನಿಂತೆ. ಹುಟ್ಟಿದಾಗಿನಿಂದ ನೋಡಿದ ಬಾಗಿಲು. ಅದನ್ನು ಎಷ್ಟು ಸಲ ಎತ್ತಿದ್ದೇನೋ ಲೆಕ್ಕವಿಲ್ಲ. ಬಡಿದದ್ದು ಮಾತ್ರ ಒಂದು ಸಲವೂ ಇಲ್ಲ. ಹೇಗೆ ಬಡಿಯಬೇಕೆಂದು ಗೊತ್ತಾಗದೆ ಇಕ್ಬಾಲಣ್ಣ ಮರ ನೋಡಲು ಕುಟ್ಟುವ ಹಾಗೆ ಬೆರಳಿನಿಂದ ಮೆಲ್ಲಗೆ ಕುಟ್ಟಿದೆ.

"ಯಾರು?" ಎಂದಳು ಮಾದೇವಿ ಒಳಗಿನಿಂದ.

"ನಾನು" ಎಂದೆ. ಅದು ಸಾಲದೆಂದು ಅನ್ನಿಸಿ ಹೆಸರನ್ನೂ ಹೇಳಿದೆ. "ಬರ್ಲಾ?" ಎಂದು ಕೇಳಿದೆ.

ಚಿಲಕ ಸರಿಯಿತು. ಆಮೇಲೆ ಆ ಬಾಗಿಲನ್ನು ಒಂದು ಬೆರಳಿನಷ್ಟು ಮೇಲಕ್ಕೆತ್ತುವ ಸದ್ದು ಕೇಳಿಸಿತು.